ನೋಡಿದೆ, ನೋಡಿಲ್ಲ

ಹೋದ ವಾರ ನಮ್ಮ ಆಸ್ಪತ್ರೆಯ ಮೇಲಿನ ಹಾಲ್‌ನಲ್ಲಿ ಅವರಿಗೊಂದು ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೊಗೆ ಸೇವಂತಿಗೆ ಹಾರ, ಊದುಬತ್ತಿ, ಎರಡು ನಿಮಿಷದ ಮೌನ, ಎಲ್ಲವೂ ಕ್ರಮವಾಗಿತ್ತು. ಆಮೇಲೆ ಆಡಳಿತಾಧಿಕಾರಿಗಳು ಮೈಕ್ ಹಿಡಿದು, "ಅವರು ಎಲ್ಲರ ಜೊತೆ ಹೊಂದಿಕೊಂಡು ಹೋಗುವ ಸ್ವಭಾವದವರಾಗಿದ್ದರು" ಅಂದರು. ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಹೊಂದಿಕೊಂಡು ಹೋಗುವವರಾಗಿದ್ದರೆ ಅವರು ಕೊನೆಯವರೆಗೂ ಹಾಸನದಲ್ಲೇ ಇರುತ್ತಿದ್ದರಲ್ಲ, ಅರಕಲಗೂಡಿಗೆ ಯಾಕೆ ಹೋಗಬೇಕಿತ್ತು? ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪುತ್ತೇನೆ. ಆದರೆ ಅವರಲ್ಲಿ ಇದ್ದ ಒಳ್ಳೆಯದನ್ನು ಆಡಬೇಕು. ಅವರಲ್ಲಿದ್ದ ಒಳ್ಳೆಯ ಗುಣವೆಂದರೆ ಯಾರ ಜೊತೆಯೂ ಹೊಂದಿಕೊಳ್ಳದೆ ಇದ್ದದ್ದು.

ಸಭೆಯಲ್ಲಿ ನಾನು ಎದ್ದು ಹೀಗೆ ಹೇಳಲಿಲ್ಲ. ಮೂರನೇ ಸಾಲಿನಲ್ಲಿ ಕೂತು ಸೆರಗಿನ ತುದಿ ಸುತ್ತುತ್ತಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲ ಸಲವಲ್ಲ, ಅದನ್ನು ಮುಂದೆ ಹೇಳುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅವರ ಬಾಗಿಲಿಗೆ ಹೆಸರಿನ ಹಲಗೆ ಹೊಡೆಯಲು ಬಂದವರನ್ನು ಅವರೇ ವಾಪಸ್ ಕಳಿಸಿದ್ದರು. "ಸರ್ವರ್ ರೂಮು ಅಂತ ಬರೀರಿ, ಸಾಕು. ನಾನು ಇವತ್ತಿದ್ದು ನಾಳೆ ಓಗೋನು. ರೂಮು ಇರ್ತದೆ" ಅಂದಿದ್ದರು.

ನಾನು ಆಸ್ಪತ್ರೆಯ ದಾಖಲೆ ವಿಭಾಗದವಳು. ಹೊಳೆನರಸೀಪುರದಿಂದ ದಿನಾ ಬೆಳಗಿನ ರೈಲಿಗೆ ಹಾಸನಕ್ಕೆ ಬಂದು, ಸಂಜೆಯ ರೈಲಿಗೆ ಹೋಗುತ್ತೇನೆ. ಅವರು ಕಂಪ್ಯೂಟರ್ ನೋಡಿಕೊಳ್ಳುವವರು, ನಮ್ಮ ತಾಲೂಕಿನದೇ ಹಳೇಕೋಟೆ ಕಡೆಯ ಬೇಸಾಯದ ಮನೆಯವರು. ಕುಳ್ಳಗಿನ ಆಳು, ಅರ್ಧ ತೋಳಿನ ಷರಟು, ಕೈಯಲ್ಲಿ ಸದಾ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕ ಅನ್ನುತ್ತಿದ್ದರು. ಸಿಟ್ಟು ಬಂದಾಗ ಮಾತ್ರ "ಮೇಡಮ್ನೋರೆ" ಆಗುತ್ತಿತ್ತು. ಏನಾದರೂ ಯೋಚನೆಗೆ ಬಿದ್ದರೆ ಹೆಬ್ಬೆರಳನ್ನು ಬೆರಳುಗಳ ಮೇಲೆ ಉಜ್ಜುತ್ತಾ ಕೂರುತ್ತಿದ್ದರು, ಕಾಳು ಗಟ್ಟಿಯೋ ಜೊಳ್ಳೋ ಎಂದು ನೋಡುವವರು ಮಾಡುತ್ತಾರಲ್ಲ, ಹಾಗೆ.

ನಮ್ಮದು ಹಾಸನದಲ್ಲಿ ದೊಡ್ಡ ಆಸ್ಪತ್ರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಂದೊಂದು ಶಾಖೆ. ನಾಲ್ಕೂ ಕಡೆಯ ರಕ್ತಪರೀಕ್ಷೆ, ಸ್ಕ್ಯಾನು, ಡಯಾಲಿಸಿಸ್ ಚೀಟಿ, ಔಷಧಿ, ಹೆಸರು ನೋಂದಣಿ ಎಲ್ಲವೂ ಹಾಸನದ ಒಂದೇ ದೊಡ್ಡ ಸರ್ವರ್‌ನಲ್ಲಿ. ಆ ಒಂದು ಯಂತ್ರದೊಳಗೆ ಆರು ಸರ್ವರ್‌ಗಳಿವೆ, ಆರೂ ವರ್ಚುವಲ್ ಎಂದು ನನಗೆ ಮೊದಲು ಹೇಳಿದಾಗ ತಲೆಬುಡ ಅರ್ಥವಾಗಲಿಲ್ಲ. ಅವರು ವಿವರಿಸಿದ್ದು ಹೀಗೆ: "ವಠಾರ ಕಣಕ್ಕ. ಒಂದು ಕಟ್ಟಡ, ಆರು ಮನೆ. ಲ್ಯಾಬ್ನೋರು ಒಂದು ಮನೇಲವ್ರೆ, ಸ್ಕ್ಯಾನ್ನೋರು ಇನ್ನೊಂದ್ರಲ್ಲವ್ರೆ. ಒಬ್ರ ಮನೇದು ಒಬ್ರಿಗೆ ಗೊತ್ತಾಗಕಿಲ್ಲ. ಆದ್ರೆ ಸೂರು ಬಿದ್ರೆ ಆರು ಮನೆಯೋರೂ ಬೀದೀಲೇ."

ಆ ಸೂರಿನ ಚಿಂತೆಯೇ ಅವರ ಕಸುಬು. ಸರ್ವರ್ ಮಾರಿದ ಕಂಪನಿಯವನೊಬ್ಬ ಬಂದು, ನಮ್ಮ ಯಂತ್ರದಲ್ಲೇ ಸ್ನ್ಯಾಪ್‌ಶಾಟ್ ಅಂತ ಇದೆ, ಆ ಕ್ಷಣದ ಸ್ಥಿತಿಯನ್ನು ಹಾಗೇ ಹಿಡಿದಿಡುತ್ತದೆ, ಬೇರೆ ಕಂಪನಿಯ ಬ್ಯಾಕಪ್ ಸಾಫ್ಟ್‌ವೇರ್ ನಿಮಗ್ಯಾಕೆ ಎಂದು ಆಡಳಿತಾಧಿಕಾರಿಗಳ ಮುಂದೆ ಕೇಳಿದ. ಇವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಅದು ಮನೆ ಗೋಡೆ ಮೇಲೇ ನೇತಾಕಿರೋ ಫೋಟೊ ಕಣಪ್ಪ. ಮನೆ ಸುಟ್ರೆ ಫೋಟೊನೂ ಸುಟ್ಟೋಯ್ತದೆ" ಅಂದರು. ಅವನು ಬಿಡಲಿಲ್ಲ, ನಮ್ಮ ಮೇಲೆ ನಂಬಿಕೆ ಇಲ್ಲವೇ ಎಂದ. "ಹೆಣ್ಣು ಕೊಡೋವಾಗ ಹುಡುಗ ಎಂಗೆ ಅಂತ ಹುಡುಗನ ಅಪ್ಪನ್ನೇ ಕೇಳ್ತಾರೇನಪ್ಪ? ಪಕ್ಕದ ಬೀದಿಯೋರ್ನ ಕೇಳ್ತಾರೆ. ನಂಗೆ ಪಕ್ಕದ ಬೀದಿಯೋರು ಬೇಕು." ಬೇರೆ ಕಂಪನಿಯ ಸಾಫ್ಟ್‌ವೇರ್ ಬಂತು. ಅದನ್ನು ಬೇರೆಯದೇ ಸಣ್ಣ ಕಂಪ್ಯೂಟರ್‌ನಲ್ಲಿ ಹಾಕಿ, ಪ್ರತಿಗಳು ಬೇರೆಯದೇ ಪೆಟ್ಟಿಗೆಗೆ ಹೋಗುವ ಹಾಗೆ ಮಾಡಿದರು. ವಾರಕ್ಕೊಂದು ಡಿಸ್ಕ್ ಕಳಚಿ ಕ್ಯಾರಿಯರ್‌ನ ಕೆಳಗಿನ ಡಬ್ಬಿಯಲ್ಲಿಟ್ಟುಕೊಂಡು, ಶನಿವಾರ ಊರಿಗೆ ಹೋಗುವಾಗ ನಮ್ಮ ಹೊಳೆನರಸೀಪುರ ಶಾಖೆಯ ಬೀರುವಿನಲ್ಲಿಟ್ಟು ಹೋಗುತ್ತಿದ್ದರು. ಮೇಲಿನ ಎರಡು ಡಬ್ಬಿಯಲ್ಲಿ ಅನ್ನ, ಹುರುಳಿಕಾಳು ಸಾರು ಇರುತ್ತಿದ್ದವು.

ಬ್ಯಾಕಪ್ ಸಾಫ್ಟ್‌ವೇರ್ ಪ್ರತಿದಿನ ಕೆಲಸ ಮುಗಿಸಿ ಪರದೆಯ ಮೇಲೆ ಆರು ಹಸಿರು ಗುರುತು ಹಾಕುತ್ತಿತ್ತು. ನಾವೆಲ್ಲ ಅದನ್ನು ನೋಡಿ ಸಮಾಧಾನಪಡುತ್ತಿದ್ದೆವು. ಅವರು ಆ ಪರದೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಅದು ಇಟ್ಟಿದೀನಿ ಅಂತದೆ. ಇಟ್ಟಿರೋದು ಜೀವ ಇದ್ಯಾ ಅಂತ ಅದ್ಕೆ ಗೊತ್ತಿಲ್ಲ" ಅನ್ನುತ್ತಿದ್ದರು. ಅವರ ತಾಯಿ ಬಿತ್ತನೆ ರಾಗಿಯನ್ನು ಮಡಕೆಯಲ್ಲಿ ತುಂಬಿ ಬಾಯಿ ಕಟ್ಟಿಡುತ್ತಿದ್ದರಂತೆ. ಬಿತ್ತುವ ಮೊದಲು ಒಂದು ಹಿಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಟ್ಟು, ಮೊಳಕೆ ಬಂದರೆ ಮಾತ್ರ ಆ ಮಡಕೆ ಹೊಲಕ್ಕೆ. ಮಡಕೆ ತುಂಬಿದೆ ಎಂದು ಯಾರೂ ಬಿತ್ತುತ್ತಿರಲಿಲ್ಲ.

ಹಾಗಾಗಿ ಶನಿವಾರ ಮಧ್ಯಾಹ್ನ ಹೊರರೋಗಿಗಳ ವಿಭಾಗ ಮುಚ್ಚಿದ ಮೇಲೆ ಅವರು ಮೊಳಕೆ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ. ಆಸ್ಪತ್ರೆಯ ನೆಟ್‌ವರ್ಕ್ ತಂತಿಗೆ ಸೇರಿಸದ ಒಂದು ಹಳೇ ಕಂಪ್ಯೂಟರ್, ಕೊಂಚ ಗಟ್ಟಿಮುಟ್ಟಾದದ್ದು. ಆರು ಮನೆಗಳಲ್ಲಿ ಒಂದನ್ನು ಬ್ಯಾಕಪ್ ಪ್ರತಿಯಿಂದ ತೆಗೆದು ಅದರಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದರು. ಆಮೇಲೆ ಆ ವಿಭಾಗದವರನ್ನೇ ಕರೆದು, "ನಿಮ್ಮೂರೋರ್ದು ಯಾರ್ದಾದ್ರೂ ಎಸ್ರು ಏಳಿ" ಅನ್ನುವರು. ಲ್ಯಾಬಿನ ಹುಡುಗಿ ತನ್ನ ಅತ್ತೆಯ ಹೆಸರು ಹೇಳುವಳು. ಅತ್ತೆಯ ರಿಪೋರ್ಟು ತೆರೆದು, ಕೊನೆಯ ಸಾಲನ್ನು ಅವಳೇ ಗಟ್ಟಿಯಾಗಿ ಓದಬೇಕು. ತಾವು ಓದುತ್ತಿರಲಿಲ್ಲ. "ಅಡ್ಗೆ ಮಾಡ್ದೋನು ನಾನು. ರುಚಿ ನೀವು ಏಳ್ಬೇಕು" ಅನ್ನುವರು. ನನಗೆ ಒಂದು ರಿಜಿಸ್ಟರ್ ಕೊಟ್ಟಿದ್ದರು. ದಿನಾಂಕ, ಯಾವ ಮನೆ, ಕೊನೆಯಲ್ಲಿ ಅವರ ಕೈಬರಹದ ಒಂದೇ ಮಾತು, ಅದರ ಕೆಳಗೆ ಸಾಕ್ಷಿಯಾಗಿ ನನ್ನ ಸಹಿ. ಮಾತು ಎರಡೇ. ಪರೀಕ್ಷೆ ನಡೆದು ಎಲ್ಲ ಸರಿಯಿದ್ದರೆ "ನೋಡಿದೆ". ನಡೆಯದಿದ್ದರೆ "ನೋಡಿಲ್ಲ". ಯಶಸ್ವಿ, ತೃಪ್ತಿಕರ, ಇಂಥ ಪದಗಳು ಅವರಿಗೆ ಆಗಿಬರುತ್ತಿರಲಿಲ್ಲ.

ಈ ಹಟ ಎಲ್ಲಿಂದ ಬಂತು ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದೆ. ಅವರು ಮೊದಲು ಚನ್ನರಾಯಪಟ್ಟಣ ಶಾಖೆಯಲ್ಲಿದ್ದರು. ಆಗ ಸ್ಕ್ಯಾನ್ ವಿಭಾಗವನ್ನು ಹೊಸ ಸರ್ವರ್‌ಗೆ ಬದಲಾಯಿಸಿದ್ದರು, ಆದರೆ ಬ್ಯಾಕಪ್ ಪಟ್ಟಿಯಲ್ಲಿ ಹಳೆಯದರ ಹೆಸರೇ ಉಳಿದುಬಿಟ್ಟಿತ್ತು. ಬ್ಯಾಕಪ್ ದಿನಾ ಆ ಖಾಲಿ ಸರ್ವರ್ ಅನ್ನೇ ನಿಷ್ಠೆಯಿಂದ ನಕಲು ಮಾಡಿ ದಿನಾ ಹಸಿರು ಗುರುತು ಕೊಡುತ್ತಿತ್ತು. ವರ್ಷದ ಮೇಲೆ ಹೊಸದು ಕೆಟ್ಟುಹೋದಾಗ ತೆಗೆದು ನೋಡಿದರೆ ಪ್ರತಿಯಲ್ಲಿ ಏನೂ ಇಲ್ಲ. ಅದೇ ವಾರ ಶ್ರವಣಬೆಳಗೊಳದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಬಂದು ಹೆಂಡತಿಯ ಹಳೆಯ ಸ್ಕ್ಯಾನ್ ಕೇಳಿದರಂತೆ. ಗಡ್ಡೆ ಹೋದ ವರ್ಷದ್ದೇ ಗಾತ್ರದಲ್ಲಿದೆಯೋ ಬೆಳೆದಿದೆಯೋ ಎಂದು ಡಾಕ್ಟರು ಹೋಲಿಸಿ ನೋಡಬೇಕಾಗಿತ್ತು.

"ಕೌಂಟರ್ನಲ್ಲಿ ಸಿಗ್ತಿಲ್ಲ ನಾಳೆ ಬನ್ನಿ ಅಂದ್ಬುಟ್ರು. ನಂಗೆ ಮನಸ್ಸು ತಡೀಲಿಲ್ಲ ಕಣಕ್ಕ. ಬಸ್ಸತ್ತಿ ಅವ್ರ ಅಂಗ್ಡಿಗೇ ಓದೆ. ಇಲ್ಲ, ಓಯ್ತು, ನನ್ನ ತಪ್ಪು ಅಂದೆ."

"ಬೈದರಾ?"

"ಬೈದಿದ್ರೆ ಚೆನ್ನಾಗಿತ್ತು. ಕುಡಿಯಕ್ಕೆ ನೀರು ಕೊಟ್ರು. ನಿಮ್ಮತ್ರ ಇಲ್ಲ ಅಂತ ಮೊದ್ಲೇ ಹೇಳಿದ್ರೆ ನಾವು ಒಂದು ಕಾಪಿ ಮನೇಲಿ ಇಟ್ಕೊತಿದ್ವಲ್ಲ ಸ್ವಾಮಿ ಅಂದ್ರು. ಅಷ್ಟೇ."

ಆ ತಾಯಿಗೆ ಮುಂದೇನಾಯಿತು ಎಂದು ನಾನು ಕೇಳಲಿಲ್ಲ. ಅವರು ಹುರುಳಿಕಾಳು ಸಾರನ್ನು ಅನ್ನಕ್ಕೆ ಕಲಸಿಯೂ ಉಣ್ಣದೆ ಡಬ್ಬಿ ಮುಚ್ಚಿದರು.

ಇನ್ನು ನನ್ನ ವಿಷಯ. ಹೇಳಿಕೊಳ್ಳಲು ಹೆಮ್ಮೆಯಿಲ್ಲ, ಆದರೆ ಹೇಳದಿದ್ದರೆ ಇವರ ಚಿತ್ರ ಪೂರ್ತಿಯಾಗುವುದಿಲ್ಲ. ಒಂದು ಬೇಸಿಗೆಯಲ್ಲಿ ನೋಂದಣಿ ಕೌಂಟರ್‌ಗೆ ಕಂಪ್ಯೂಟರ್ ಸಾಲದು ಎಂದು ಆಡಳಿತಾಧಿಕಾರಿಗಳು ಮೊಳಕೆ ನೋಡುವ ಹಳೇ ಕಂಪ್ಯೂಟರ್ ಅನ್ನು ಎತ್ತಿಸಿಕೊಂಡು ಹೋದರು. ಇವರು ಎರಡು ಸಲ ಬರೆದು ಕೇಳಿದರು, ವಾಪಸ್ ಬರಲಿಲ್ಲ. ಹನ್ನೆರಡು ಶನಿವಾರ ರಿಜಿಸ್ಟರ್‌ನಲ್ಲಿ "ನೋಡಿಲ್ಲ" ಎಂದು ಬರೆದರು. ಅಷ್ಟರಲ್ಲಿ ಆಸ್ಪತ್ರೆಗೆ ಗುಣಮಟ್ಟದ ಮಾನ್ಯತೆ ಕೊಡುವ ತಂಡ ಬರುವ ದಿನ ಹತ್ತಿರವಾಯಿತು. ನಮ್ಮಿಬ್ಬರನ್ನೂ ಆಡಳಿತಾಧಿಕಾರಿಗಳ ಕೋಣೆಗೆ ಕರೆದರು.

"ಏನ್ರೀ ಇದು, ಪುಟದ ತುಂಬ ನೋಡಿಲ್ಲ ನೋಡಿಲ್ಲ ಅಂತ ಬರ್ದಿದ್ದೀರ? ಇದನ್ನ ತಂಡದವರ ಮುಂದೆ ಇಡೋಕಾಗುತ್ತಾ?"

"ನೋಡಿಲ್ಲ ಸಾ, ಅದ್ಕೇ ನೋಡಿಲ್ಲ ಅಂತ ಬರ್ದಿದೀನಿ. ನೋಡೋ ಕಂಪ್ಯೂಟ್ರು ನಿಮ್ಮ ಕೌಂಟರ್ನಲ್ಲದೆ."

"ದಿನಾ ಗ್ರೀನ್ ಬರ್ತಿದೆಯಲ್ಲ? ಬ್ಯಾಕಪ್ ಆಗಿದೆ ತಾನೆ?"

"ಆಗದೆ ಅಂತ ಅದು ಏಳ್ತದೆ. ನಾನು ನೋಡಿಲ್ಲ."

"ಹೊಸ ರಿಜಿಸ್ಟರ್ ಮಾಡಿ. ಹನ್ನೆರಡಕ್ಕೂ ಯಶಸ್ವಿ ಅಂತ ಬರ್ದು ಒಂದು ಸೈನ್ ಹಾಕೋಕೆ ನಿಮ್ಮ ಗಂಟೇನು ಹೋಗುತ್ತೆ?"

"ನನ್ನ ಗಂಟೇನೂ ಓಗಕಿಲ್ಲ ಸಾ. ಅದೇ ತೊಂದ್ರೆ. ಓಗಾದೆಲ್ಲ ಬ್ಯಾರೆಯೋರ್ದು."

ಹೀಗೆ ಹೇಳಿ ಎದ್ದು ಹೋದರು. ಹೋಗುವಾಗ ಕುರ್ಚಿಯನ್ನು ಮೇಜಿನ ಕೆಳಗೆ ಸರಿಯಾಗಿ ತಳ್ಳಿಟ್ಟು ಹೋದರು. ಅವರ ಕಡೆಯಿಂದ ಒರಟುತನ ಅಂತ ಹೇಳಲು ಅಷ್ಟೂ ಸಿಗಬಾರದು. ಆಡಳಿತಾಧಿಕಾರಿಗಳು ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ" ಅಂದರು. ನನಗೆ ಅರ್ಥವಾಯಿತು. ಮಗಳಿಗೆ ಆಗ ತಾನೇ ಇದೇ ಆಸ್ಪತ್ರೆಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡು ಒಂದೇ ಪಟ್ಟಿಗೆ ಹೊಸ ರಿಜಿಸ್ಟರ್‌ನಲ್ಲಿ ಹನ್ನೆರಡು ಸಾಲು "ಯಶಸ್ವಿ" ಬರೆದೆ, ಹನ್ನೆರಡಕ್ಕೂ ಸಹಿ ಹಾಕಿದೆ. ಒಂದೇ ಪೆನ್ನಿನಲ್ಲಿ ಬರೆದರೆ ಗೊತ್ತಾಗುತ್ತದೆ ಎಂದು ಮೂರು ಪೆನ್ನು ಬದಲಿಸಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನದೇ ಬುದ್ಧಿ.

ತಂಡ ಬಂತು, ಪುಟ ತಿರುವಿತು, ಮಾನ್ಯತೆ ಕೊಟ್ಟು ಹೋಯಿತು. ಮುಂದಿನ ವಾರವೇ ಇವರಿಗೆ ಅರಕಲಗೂಡಿಗೆ ವರ್ಗ. ಹಾಸನದ ಸರ್ವರ್‌ಗಳನ್ನು ಹೊರಗಿನ ಒಂದು ಏಜೆನ್ಸಿಗೆ ವಹಿಸಿದರು. ಹೊರಡುವ ದಿನ ಅವರು ನನ್ನ ಮೇಜಿನ ಮುಂದೆ ಬಂದು ಹೊಸ ರಿಜಿಸ್ಟರ್ ಬಿಡಿಸಿ, ಕನ್ನಡಕ ಹಣೆಗೇರಿಸಿ, ಪುಟವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಮೂರು ಪೆನ್ನು ಬದ್ಲಾಯ್ಸಿದೀರ ಮೇಡಮ್ನೋರೆ. ಕೆಲ್ಸ ಅಂದ್ರೆ ಇಂಗೆ ಅಚ್ಚುಕಟ್ಟಾಗಿರ್ಬೇಕು."

ನಾನು ತಲೆ ಎತ್ತಲಿಲ್ಲ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಅವರು ಅಂಟು ಹಾಕಿ ಮುಚ್ಚಿದ ಒಂದು ಕಂದು ಲಕೋಟೆಯನ್ನು ಮುಂದಿಟ್ಟರು. "ಬ್ಯಾಕಪ್ ಬೀಗದ ಪಾಸ್‌ವರ್ಡು. ಇದಿಲ್ದೆ ಪೆಟ್ಗೇಲಿರೋ ಪ್ರತಿ ಯಾರಪ್ಪನ ಕೈಲೂ ತೆಗ್ಯಕ್ಕಾಗಕಿಲ್ಲ. ಕಂಪ್ಯೂಟ್ರಲ್ಲಿ ಇಡ್ಬೇಡಿ. ನಿಮ್ಮ ಕಾಗ್ದದ ಫೈಲ್ಗಳ ಮಧ್ಯೆ ಇಡಿ."

"ನನಗ್ಯಾಕೆ ಕೊಡ್ತೀರ ಸರ್? ನಾನು…" ಎಂದು ಶುರುಮಾಡಿ ನಿಲ್ಲಿಸಿದೆ.

"ನೀವು ಸೈನ್ ಹಾಕ್ದೋರು, ಅದ್ಕೇ ನಿಮ್ಗೆ ಕೊಡ್ತಿರೋದು. ಭಯ ಇರೋರು ಜ್ವಾಪಾನ ಮಾಡ್ತಾರೆ."

ಇದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ವಾಸಿಯಿತ್ತು. ಲಕೋಟೆಯನ್ನು ಅವರದೇ ಆರೋಗ್ಯ ತಪಾಸಣೆಯ ಹಳೇ ಫೈಲಿನೊಳಗೆ ಇಟ್ಟೆ. ಆಮೇಲೆ ದಿನಾ ಬಂದ ಕೂಡಲೇ ಅದು ಇದೆಯೇ ಎಂದು ಮುಟ್ಟಿ ನೋಡುವುದು ನನಗೆ ಅಭ್ಯಾಸವಾಯಿತು.

ಏಜೆನ್ಸಿಯವರು ಬಂದು ಸರ್ವರ್ ರೂಮು ಚೊಕ್ಕಟ ಮಾಡಿದರು. ಬ್ಯಾಕಪ್ ಸಾಫ್ಟ್‌ವೇರ್ ಇದ್ದ ಸಣ್ಣ ಕಂಪ್ಯೂಟರ್ ದಂಡ ಎಂದು ತೆಗೆಸಿ, ಆ ಸಾಫ್ಟ್‌ವೇರ್ ಅನ್ನು ದೊಡ್ಡ ಸರ್ವರ್‌ನೊಳಗೇ ಏಳನೇ ಮನೆ ಮಾಡಿ ಕೂರಿಸಿದರು. ಮಿಕ್ಕದ್ದೆಲ್ಲ ಹಾಗೇ ಬಿಟ್ಟರು. ಹಸಿರು ಗುರುತು ಎಂದಿನಂತೆ ಬರುತ್ತಿತ್ತು. ಫೋನಿನಲ್ಲಿ ಅವರಿಗೆ ಹೇಳಿದೆ. "ಬೀಗದ ಕೈ ಮನೆ ಒಳ್ಗಿಟ್ಟು ಬಾಗ್ಲಾಕವ್ರೆ. ನಾನು ಕಾಗ್ದ ಬರೀತೀನಿ" ಅಂದರು. ಬರೆದರು. ಅರಕಲಗೂಡಿನವರು ಅರಕಲಗೂಡು ನೋಡಿಕೊಳ್ಳಲಿ ಎಂದು ಉತ್ತರ ಬಂತಂತೆ.

ಐದು ತಿಂಗಳಾದ ಮೇಲೆ ಒಂದು ಮಂಗಳವಾರ ಬೆಳಗ್ಗೆ ನಾನು ರೈಲಿಳಿದು ಬರುವಷ್ಟರಲ್ಲಿ ಆಸ್ಪತ್ರೆಯ ಮುಂದೆ ಸಾಲು ರಸ್ತೆಯವರೆಗೆ ಬೆಳೆದಿತ್ತು. ದೊಡ್ಡ ಸರ್ವರ್ ಸತ್ತಿತ್ತು. ಸೂರು ಬಿದ್ದು ಆರು ಮನೆಯವರೂ ಬೀದಿಗೆ ಬಂದಿದ್ದರು, ಅವರ ಜೊತೆಗೆ ಬ್ಯಾಕಪ್ಪಿನ ಏಳನೇ ಮನೆಯೂ. ಪ್ರತಿಗಳಿದ್ದ ಪೆಟ್ಟಿಗೆ ಪಕ್ಕದಲ್ಲೇ ಸರಿಯಾಗಿ ದೀಪ ಮಿನುಗಿಸುತ್ತಾ ಕೂತಿದೆ, ಆದರೆ ಅದನ್ನು ತೆಗೆಯುವ ಸಾಫ್ಟ್‌ವೇರ್ ಸತ್ತ ಯಂತ್ರದೊಳಗೆ, ಪಾಸ್‌ವರ್ಡ್ ಬರೆದಿಟ್ಟುಕೊಂಡಿದ್ದ ಫೈಲೂ ಅದರೊಳಗೇ. ಏಜೆನ್ಸಿಯ ಹುಡುಗ ಬೆವರುತ್ತಾ ಯಾರಿಗೋ ಫೋನ್ ಮಾಡುತ್ತಿದ್ದ. ಡಯಾಲಿಸಿಸ್ ವಾರ್ಡಿನಲ್ಲಿ ಯಾರಿಗೆ ಯಾವ ಔಷಧಿ ಎಷ್ಟು ಎಂದು ಗೊತ್ತಾಗದೆ ನರ್ಸುಗಳು ರೋಗಿಗಳನ್ನೇ ಕೇಳುತ್ತಿದ್ದರು. ನಾನು ಯಾರ ಅಪ್ಪಣೆಯನ್ನೂ ಕೇಳದೆ ಅರಕಲಗೂಡಿಗೆ ಫೋನ್ ಮಾಡಿದೆ.

"ಲಕೋಟೆ ಅದ್ಯಾ?" ಅಂದರು.

"ಇದೆ."

"ಬತ್ತೀನಿ."

ಹನ್ನೊಂದರ ಹೊತ್ತಿಗೆ ಕ್ಯಾರಿಯರ್ ಹಿಡಿದುಕೊಂಡು ಬಂದರು. ಕೆಳಗಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪೆನ್‌ಡ್ರೈವ್, ಅದರಲ್ಲಿ ಅದೇ ಬ್ಯಾಕಪ್ ಸಾಫ್ಟ್‌ವೇರ್. ಸರ್ವರ್ ರೂಮಿಗೆ ಹೋಗದೆ ನೆಟ್ಟಗೆ ನೋಂದಣಿ ಕೌಂಟರ್‌ಗೆ ಹೋದರು. ಅಲ್ಲಿದ್ದ ಹಳೇ ಕಂಪ್ಯೂಟರ್‌ನ ವೈರು ಕಿತ್ತು, ಎರಡು ಕೈಯಲ್ಲಿ ಎತ್ತಿಕೊಂಡು, ಸಾಲಿನಲ್ಲಿ ನಿಂತವರ ಮಧ್ಯೆ ದಾರಿ ಬಿಡಿಸಿಕೊಂಡು ನಡೆದರು. ಆಡಳಿತಾಧಿಕಾರಿಗಳು ಹಿಂದೆಯೇ ಓಡಿಬಂದರು. "ಮೊದಲು ನೋಂದಣಿ ಎಬ್ಬಿಸ್ರೀ, ಜನ ರಸ್ತೇಲಿ ನಿಂತಿದ್ದಾರೆ, ಮಾನ ಹೋಗುತ್ತೆ."

"ಸಾಲು ನಿಂತ್ಕತದೆ ಸಾ, ನಿಂತ್ಕಳ್ಲಿ. ಡಯಾಲಿಸಿಸ್ನೋರು ನಿಂತ್ಕಳಕ್ಕಾಗಕಿಲ್ಲ" ಎಂದವರು ತಿರುಗಿಯೂ ನೋಡಲಿಲ್ಲ.

ಆ ಕಂಪ್ಯೂಟರ್‌ನಲ್ಲಿ ಸಲಕ್ಕೆ ಒಂದೇ ಮನೆಗೆ ಜಾಗ. ಸಾಫ್ಟ್‌ವೇರ್ ಹಾಕಿ, ಪೆಟ್ಟಿಗೆಗೆ ತಂತಿ ಸೇರಿಸಿ, ನನ್ನ ಕಡೆ ಕೈ ಚಾಚಿದರು. ಲಕೋಟೆ ಹರಿದು ಕೊಟ್ಟೆ. ಏಜೆನ್ಸಿಯವರು ಪಾಸ್‌ವರ್ಡ್ ಬದಲಿಸದೆ ಇದ್ದದ್ದು ಅವರ ಸೋಮಾರಿತನ, ನಮ್ಮ ಪುಣ್ಯ. ಮಧ್ಯಾಹ್ನ ಒಂದೂವರೆಗೆ ಡಯಾಲಿಸಿಸ್ ಎದ್ದಿತು. ನರ್ಸ್ ಒಬ್ಬಳನ್ನು ಕರೆಸಿ, "ಯಾರ್ದಾದ್ರೂ ಎಸ್ರು ಏಳವ್ವ, ಕೊನೇ ಸಾಲು ಓದು" ಅಂದರು. ಅವಳು ಓದಿದಳು, ನಿನ್ನೆಯ ತಾರೀಖು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. "ಅಕ್ಕ, ರಿಜಿಸ್ಟ್ರು ತಗಂಬನ್ನಿ. ಹಳೇದು" ಅಂದರು. ಮುನ್ನೂರು ಜನ ಕಾಯುತ್ತಿರುವಾಗ, ಹಳೇ ರಿಜಿಸ್ಟರ್‌ನಲ್ಲಿ ಹನ್ನೆರಡು "ನೋಡಿಲ್ಲ"ಗಳ ಕೆಳಗೆ, "ನೋಡಿದೆ" ಎಂದು ಬರೆದು ನನ್ನ ಸಹಿ ಹಾಕಿಸಿದರು. ಅಕ್ಕ ಅಂದದ್ದನ್ನು ಕೇಳಿ ನನಗೆ ಜೀವ ಬಂದಂತಾಗಿತ್ತು.

ಬೇರೆ ಯಂತ್ರಗಳನ್ನು ತರಿಸಿ ಮಾರನೇ ದಿನ ಸಂಜೆಯೊಳಗೆ ಐದು ಮನೆ ಎದ್ದವು. ಆರನೆಯದು ಚನ್ನರಾಯಪಟ್ಟಣದ ಲ್ಯಾಬು, ಆ ಶಾಖೆಯ ಲ್ಯಾಬಿಗೆ ಮಾತ್ರ ಬೇರೆ ಮನೆ ಇತ್ತು. ಅದನ್ನು ಏಜೆನ್ಸಿಯವರು ಮೂರು ತಿಂಗಳ ಹಿಂದೆ ಹೊಸದಾಗಿ ಕಟ್ಟಿದ್ದರು, ಬ್ಯಾಕಪ್ ಪಟ್ಟಿಯಲ್ಲಿ ಹೆಸರು ಬದಲಿಸುವುದನ್ನು ಮರೆತಿದ್ದರು. ಅದಕ್ಕೂ ಹಿಂದಿನದು ಹಳೇ ಪ್ರತಿಯಲ್ಲಿತ್ತು, ಆಮೇಲಿನದು ಏನೂ ಇರಲಿಲ್ಲ. ಮತ್ತೆ ಅದೇ ಊರು, ಅದೇ ತಪ್ಪು. ಅವರು ಆ ಖಾಲಿ ಪರದೆಯ ಮುಂದೆ ಹೆಬ್ಬೆರಳು ಉಜ್ಜುತ್ತಾ ಬಹಳ ಹೊತ್ತು ಕೂತಿದ್ದರು.

ಆ ಶುಕ್ರವಾರ ಸಿಬ್ಬಂದಿ ಸಭೆ ಕರೆದು ಅವರಿಗೆ ಶಾಲು ಹೊದಿಸಲು ಆಡಳಿತಾಧಿಕಾರಿಗಳು ಸಿದ್ಧರಾದರು. ಕೆಟ್ಟ ಮನುಷ್ಯರಲ್ಲ, ಎಲ್ಲ ಸರಿಹೋಯಿತು ಎಂಬ ಮಾತು ಅವರಿಗೆ ಬೇಗ ಬೇಕು, ಅಷ್ಟೇ. "ಪೂರ್ತಿ ದತ್ತಾಂಶ ಯಶಸ್ವಿಯಾಗಿ ಮರಳಿದೆ" ಎಂದು ವರದಿ ಓದುತ್ತಿದ್ದಂತೆ ಇವರು ಎದ್ದು ನಿಂತು, "ಚನ್ನರಾಯಪಟ್ಣದ್ದು ಬಂದಿಲ್ಲ ಸಾ. ಅದನ್ನೂ ವರದೀಲಿ ಬರ್ಸಿ. ಆಮೇಲೆ ಶಾಲು ಒದ್ಸಿ" ಅಂದರು. ಬರೆಸಲಿಲ್ಲ. ಶಾಲು ಮೇಜಿನ ಮೇಲೆ ಮಡಿಕೆ ಬಿಚ್ಚದೆ ಉಳಿಯಿತು.

ಮಾರನೇ ದಿನ ಅವರು ಚನ್ನರಾಯಪಟ್ಟಣಕ್ಕೆ ಹೋಗಿ ಶಾಖೆಯ ಕೌಂಟರ್ ಪಕ್ಕ ತಮ್ಮ ಕೈಯಲ್ಲೇ ಬರೆದ ಕಾಗದವೊಂದನ್ನು ಅಂಟಿಸಿದರು. "ಕಳೆದ ಮೂರು ತಿಂಗಳ ರಕ್ತಪರೀಕ್ಷೆ ವರದಿಗಳು ನಮ್ಮ ಹತ್ತಿರ ಇಲ್ಲ. ನಿಮ್ಮ ಹತ್ತಿರ ಇರುವುದನ್ನು ಕಳೆಯಬೇಡಿ. ತಂದುಕೊಟ್ಟರೆ ನಾವು ಮತ್ತೆ ಬರೆದುಕೊಳ್ಳುತ್ತೇವೆ." ಸೋಮವಾರ ಅದನ್ನು ಯಾರೋ ಕಿತ್ತು ಹಾಕಿದ್ದರು. ಮತ್ತೆ ಅಂಟಿಸಿದರು. ಮತ್ತೆ ಕಿತ್ತರು. ಮೂರನೇ ಸಲ ಮೈದಾ ಅಂಟು ಕಾಯಿಸಿಕೊಂಡು ಹೋಗಿ, ಸಿನಿಮಾ ಪೋಸ್ಟರ್ ಹಾಕುವವರ ಹಾಗೆ ಗೋಡೆಗೆ ಮೆತ್ತಿ ಬಂದರು. ಅದು ಹೋಗಲಿಲ್ಲ. ಆಮೇಲೆ ಜನ ಒಬ್ಬೊಬ್ಬರಾಗಿ ಬಂದರು, ಮಡಿಸಿದ ಕಾಗದ, ಎಣ್ಣೆ ಹತ್ತಿದ ಕಾಗದ, ಪಡಿತರ ಚೀಟಿಯ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಕಾಗದ. ಎಲ್ಲ ಬರಲಿಲ್ಲ, ಬಹಳಷ್ಟು ಬಂದವು. ಲ್ಯಾಬಿನವರು ಕೂತು ಮತ್ತೆ ಬೆರಳಚ್ಚು ಮಾಡಿದರು. ಇಲ್ಲ ಎಂದು ಹೇಳಿದ್ದರಿಂದ ಬಂದ ದಾಖಲೆಗಳು ಅವು.

ವಾಪಸ್ ಹಾಸನಕ್ಕೆ ಬನ್ನಿ ಎಂದು ಆಮೇಲೆ ಕರೆದರು. ಶನಿವಾರದ ಮೊಳಕೆ ಕಡ್ಡಾಯ ಎಂದು ಬರೆದುಕೊಟ್ಟರೆ ಬರುತ್ತೇನೆ ಅಂದರು. ಬರೆದು ಕೊಡಲಿಲ್ಲ, ಅವರು ಬರಲಿಲ್ಲ. ಒಬ್ಬರೇ ಅಲ್ಲಿ ಯಾಕೆ ಕೊಳೆಯುತ್ತೀರಿ ಎಂದು ನಾನು ಕೇಳಿದ್ದಕ್ಕೆ, "ಇಲ್ಲಿ ಇಡ್ಲಿ ಚೆನ್ನಾಗದೆ ಕಣಕ್ಕ" ಅಂದರು. ಆದರೆ ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಅವರ ಫೋನ್ ಬರುತ್ತಿತ್ತು. "ನೋಡಿದ್ರಾ?" ಒಂದೇ ಮಾತು. ಆ ಫೋನಿಗೆ ಹೆದರಿ ನಾನು ಏಜೆನ್ಸಿಯ ಹುಡುಗನ ಬೆನ್ನು ಹತ್ತುತ್ತಿದ್ದೆ, ನನಗೆ ಹೆದರಿ ಅವನು ಆ ಹಳೇ ಕಂಪ್ಯೂಟರ್‌ನಲ್ಲಿ ಮೊಳಕೆ ನೋಡುತ್ತಿದ್ದ. ಹೀಗೆ ಎರಡು ವರ್ಷ ನಡೆಯಿತು. ಹೋದ ತಿಂಗಳು ಅರಕಲಗೂಡಿನಲ್ಲಿ ಎದೆನೋವು ಬಂದು, ಹಾಸನಕ್ಕೆ ತರುವ ದಾರಿಯಲ್ಲೇ ಅವರು ಹೋಗಿಬಿಟ್ಟರು.

ಫೋನ್ ನಿಂತ ಮೊದಲ ಶನಿವಾರವೇ ಹಳೇ ಕಂಪ್ಯೂಟರ್ ಅನ್ನು ಫಿಸಿಯೋಥೆರಪಿಯವರ ಹೊಸ ಕೌಂಟರ್‌ಗೆ ಎತ್ತಿಕೊಂಡು ಹೋದರು. ಹುಡುಗ, "ಎಲ್ಲಾ ಗ್ರೀನ್ ಇದೆ ಮೇಡಂ, ನೀವು ಸೈನ್ ಹಾಕಿಬಿಡಿ" ಎಂದು ಅಚ್ಚು ಹಾಕಿಸಿದ ನಮೂನೆ ತಂದಿಟ್ಟ. ಪರೀಕ್ಷೆ ಯಶಸ್ವಿ ಎಂದು ಮೊದಲೇ ಅಚ್ಚಾಗಿತ್ತು. ಅದನ್ನು ಪಕ್ಕಕ್ಕಿಟ್ಟು ಹಳೇ ರಿಜಿಸ್ಟರ್ ತೆಗೆದು "ನೋಡಿಲ್ಲ" ಎಂದು ಬರೆದೆ. ಮುಂದಿನ ಶನಿವಾರವೂ ಬರೆದೆ. ಮೂರನೆಯದನ್ನು ಶ್ರದ್ಧಾಂಜಲಿ ಸಭೆಯಿಂದ ಇಳಿದು ಬಂದು ಬರೆದೆ. ಮೂರಕ್ಕೂ ಒಂದೇ ಪೆನ್ನು.

ನಿನ್ನೆ ಆಡಳಿತಾಧಿಕಾರಿಗಳು ರಿಜಿಸ್ಟರ್ ತರಿಸಿಕೊಂಡು ನನ್ನನ್ನು ಕರೆದರು. ಮಾನ್ಯತೆಯ ತಂಡ ಮತ್ತೆ ಬರುವುದಿದೆ.

"ಇದೇನ್ ಮೇಡಂ ಇದು?"

"ನೋಡಿಲ್ಲ ಸರ್, ಅದಕ್ಕೆ ನೋಡಿಲ್ಲ ಅಂತ ಬರ್ದಿದ್ದೀನಿ."

ಈ ಮಾತನ್ನು ಹಿಂದೆ ಎಲ್ಲಿ ಕೇಳಿದ್ದು ಎಂದು ಅವರಿಗೆ ನೆನಪಾಗಿರಬೇಕು. ನನ್ನ ಮುಖವನ್ನೇ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಯೋಚನೆ ಮಾಡಿ. ಅರಕಲಗೂಡಲ್ಲಿ ದಾಖಲೆ ವಿಭಾಗಕ್ಕೆ ಒಬ್ಬರು ಬೇಕು ಅಂತ ಕೇಳ್ತಿದ್ದಾರೆ" ಅಂದರು.

ನಾನು ಎದ್ದು ಕುರ್ಚಿಯನ್ನು ಮೇಜಿನ ಕೆಳಗೆ ಸರಿಯಾಗಿ ತಳ್ಳಿಟ್ಟೆ.

"ಆಗಲಿ ಸರ್" ಅಂದೆ. "ಅಲ್ಲಿ ಇಡ್ಲಿ ಚೆನ್ನಾಗಿರುತ್ತಂತೆ."